ಅಂಗಳದಲ್ಲಿ ನೆಟ್ಟ ಕೋಲು

ಗದಗ ಜಿಲ್ಲೆಯ ಮುಂಡರಗಿಯ ಯಾವುದಾದರೂ ಕನ್ನಡ ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲು ನೆಡಿ. ಗೌಂಡಿಗಳು ಗೋಡೆ ನೋಡುವ ಹಾಗೆ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ವಾಲಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಹನ್ನೊಂದೂವರೆಯಿಂದ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಒಂದೊಂದು ಹರಳು ಇಡುತ್ತ ಹೋಗಿ. ಗಿಡ್ಡಾಗುತ್ತ ಬಂದ ನೆರಳು ಎಲ್ಲಿ ಮತ್ತೆ ಉದ್ದವಾಗಲು ತೊಡಗುತ್ತದೋ ಅದೇ ಆ ಊರಿನ ನಡುಹಗಲು. ಆಗಸ್ಟ್ ತಿಂಗಳ ಮೊದಲ ಎರಡು ವಾರವಾದರೆ ಗಡಿಯಾರ ಆಗ 12-30 ದಾಟಿರುತ್ತದೆ. ಸುತ್ತ ನಿಂತ ಆರನೆಯ ತರಗತಿಯ ಮಕ್ಕಳಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: "ನಡುಮಧ್ಯಾಹ್ನ ಅಂದ್ರ ಹನ್ನೆರಡಕ್ಕ ಅಲ್ಲೇನ್ರಿ ಸರ್?"

ಈ ಪ್ರಶ್ನೆ ಹುಟ್ಟಿತೆಂದರೆ ಪಾಠದ ಅರ್ಧ ಕೆಲಸ ಮುಗಿದಂತೆ. ಇಡೀ ದೇಶದ ಗಡಿಯಾರ ನಡೆಯುವುದು ಪೂರ್ವದ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಮುಂಡರಗಿ ಇರುವುದು ಅದಕ್ಕಿಂತ ಆರೂವರೆ ಡಿಗ್ರಿಗೂ ತುಸು ಹೆಚ್ಚು ಪಶ್ಚಿಮಕ್ಕೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹಾಗಾಗಿ ಸೂರ್ಯ ಇಲ್ಲಿಯ ನೆತ್ತಿಗೆ ಬರುವುದು 26 ನಿಮಿಷದಷ್ಟು ತಡ. ಮಿಕ್ಕ ಐದಾರು ನಿಮಿಷ ಭೂಮಿಯ ಓರೆಗೂ ಅದರ ದೀರ್ಘವೃತ್ತದ ದಾರಿಗೂ ಸೇರಿದ್ದು. ಗೋಡೆಗೆ ತೂಗುಹಾಕಿದ ನಕಾಶೆಯ ಗೀಟುಗಳಿಗೆ ಒಂದು ಕೆಲಸವಿದೆ ಎಂಬುದು ಮಕ್ಕಳಿಗೆ ಆಗ ಹೊಳೆಯುತ್ತದೆ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ನಾಲ್ಕೂ 15ರಿಂದ 15.5 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ ಬರುತ್ತವೆ. ಆದ್ದರಿಂದ ವರ್ಷಕ್ಕೆ ಎರಡು ಸಲ ಇಲ್ಲಿ ನಡುಹಗಲಿಗೆ ನೆಟ್ಟಗಿನ ಕೋಲಿಗೆ ನೆರಳೇ ಇರುವುದಿಲ್ಲ. ಮೇ ತಿಂಗಳ ಮೊದಲ ಎರಡು ಮೂರು ದಿನಗಳಲ್ಲಿ ಒಮ್ಮೆ, ಆಗಸ್ಟ್ 10ರಿಂದ 12ರ ಆಸುಪಾಸಿನಲ್ಲಿ ಇನ್ನೊಮ್ಮೆ. ಮೇ ತಿಂಗಳಲ್ಲಿ ಶಾಲೆಗೆ ರಜೆ. ಆಗಸ್ಟಿನಲ್ಲಿ ಮೋಡದ ಕಾಟ. ಈ ತೊಡಕನ್ನು ನೆನಪಿನಲ್ಲಿಡಿ, ಕೊನೆಗೆ ಇದಕ್ಕೆ ಮರಳುತ್ತೇನೆ.

ಗದುಗಿನಲ್ಲಿ ನೆರಳಿಲ್ಲದ ದಿನವೇ ಮೈಸೂರಿನ ಶಾಲೆಯೊಂದರಲ್ಲಿ ಇಷ್ಟೇ ಉದ್ದದ ಕೋಲು ನೆಟ್ಟರೆ ಅಲ್ಲಿ ಐದೂವರೆ ಸೆಂಟಿಮೀಟರ್ ನೆರಳು ಬೀಳುತ್ತದೆ. ಕೋನದ ಲೆಕ್ಕದಲ್ಲಿ 3 ಡಿಗ್ರಿಗಿಂತ ತುಸು ಹೆಚ್ಚು. ಗದುಗಿಗೂ ಮೈಸೂರಿಗೂ ಉತ್ತರ-ದಕ್ಷಿಣವಾಗಿ ಇರುವ ಅಂತರ ಸುಮಾರು 345 ಕಿಲೋಮೀಟರ್. ಇಷ್ಟು ಡಿಗ್ರಿಗೆ ಇಷ್ಟು ದೂರವಾದರೆ 360 ಡಿಗ್ರಿಗೆ ಎಷ್ಟು? ಏಳನೆಯ ತರಗತಿಯ ಗಣಿತಕ್ಕೆ ನಿಲುಕುವ ಲೆಕ್ಕ. ಉತ್ತರ 40 ಸಾವಿರ ಕಿಲೋಮೀಟರ್ ಹತ್ತಿರ ಬರುತ್ತದೆ, ಅಂದರೆ ಇಡೀ ಭೂಮಿಯ ಸುತ್ತಳತೆ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ಎರಟಾಸ್ತೆನೀಸ್ ಹಿಡಿದ ದಾರಿಯೂ ಇದೇ. ನೆರಳಿಲ್ಲದ ದಿನವೇ ಬೇಕೆಂದಿಲ್ಲ. ಬಿಸಿಲಿರುವ ಯಾವ ದಿನವಾದರೂ ಎರಡೂ ಊರಿನ ನಡುಹಗಲಿನ ಕೋನ ಅಳೆದು ವ್ಯತ್ಯಾಸ ತೆಗೆದರಾಯಿತು; ನೆರಳುಗಳು ಎದುರುಬದುರು ದಿಕ್ಕಿಗೆ ಬಿದ್ದ ದಿನ ಮಾತ್ರ ಕೂಡಿಸಬೇಕು. ಅತ್ತ ಕಡೆಯಿಂದ ಅಳತೆ ಹೇಳಲು ಫೋನಿನಲ್ಲಿ ಇನ್ನೊಬ್ಬ ಶಿಕ್ಷಕರು ಬೇಕು, ಅಷ್ಟೇ.

ಹೀಗೆ ಕೈಯಿಂದ ಮಾಡಿ ಕಲಿಯಲು ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೆಯ ತರಗತಿಯವರೆಗೆ ನಲಿ-ಕಲಿ ಇದೆ. ಮಕ್ಕಳು ನೆಲದ ಮೇಲೆ ಗುಂಪಾಗಿ ಕುಳಿತು ಕಾರ್ಡು, ಹರಳು, ಬೀಜ ಹಿಡಿದು ಕಲಿಯುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳಕೆಯೊಡೆದ ಈ ಪದ್ಧತಿ ನಾಡಿಗೆಲ್ಲ ಹಬ್ಬಿತು. ವಿಜ್ಞಾನವೆಂಬ ವಿಷಯ ತಲೆಯೆತ್ತಿ ನಿಲ್ಲುವ ಆರು, ಏಳು, ಎಂಟನೆಯ ತರಗತಿಗೆ ಬರುವ ಹೊತ್ತಿಗೆ ಅದೇ ಮಕ್ಕಳು ಬೆಂಚಿನ ಮೇಲೆ ಕೈಕಟ್ಟಿ ಕೂತಿರುತ್ತಾರೆ. ಕೈಗೆ ಹೆಚ್ಚು ಕೆಲಸ ಸಿಗಬೇಕಾದ ವಯಸ್ಸಿನಲ್ಲೇ ಕೈ ಸುಮ್ಮನಾಗುವುದು ನನಗೆ ಬಹಳ ನೋವಿನ ಸಂಗತಿ.

ಈ ನೋವನ್ನು ವಿಜ್ಞಾನಿಗಳೂ ಉಂಡಿದ್ದಾರೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಒಂದು ಪ್ರಯೋಗ ಶುರುವಾಯಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆಲಸ ಬಿಟ್ಟು ಹಳ್ಳಿಗೆ ಬಂದ ಜೀವವಿಜ್ಞಾನಿ ಅನಿಲ್ ಸದ್‌ಗೋಪಾಲ್ ಕಟ್ಟಿದ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಇದರ ಬೆನ್ನಿಗಿದ್ದವು. ಮುಂಬಯಿಯ ಆ ಸಂಸ್ಥೆಯ ವಿಜ್ಞಾನಿಗಳು, ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು ರಜೆಯಲ್ಲಿ ಬಂದು ಹಳ್ಳಿಯ ಶಿಕ್ಷಕರ ಜೊತೆ ಕುಳಿತು ಪಾಠ ಹೆಣೆದರು. ಅವರು ಬರೆದ 'ಬಾಲ ವೈಜ್ಞಾನಿಕ' ಪುಸ್ತಕದಲ್ಲಿ ಮಾಡಬೇಕಾದ ಪ್ರಯೋಗಗಳಿದ್ದವು, ಕೇಳಿಕೊಳ್ಳಬೇಕಾದ ಪ್ರಶ್ನೆಗಳಿದ್ದವು. ಉತ್ತರ ಮಾತ್ರ ಮಕ್ಕಳೇ ಮಾಡಿ ನೋಡಿ ಬರೆಯಬೇಕು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಬಹುದಿತ್ತು, ಜೊತೆಗೆ ಕೈಕೆಲಸದ ಪರೀಕ್ಷೆಯೂ ಇತ್ತು. 'ಸವಾಲಿರಾಮ್' ಎಂಬ ಕಲ್ಪನೆಯ ವ್ಯಕ್ತಿಗೆ ಮಕ್ಕಳು ಕಾಗದ ಬರೆದು ಪ್ರಶ್ನೆ ಕೇಳಿದರೆ ಉತ್ತರ ಬರುತ್ತಿತ್ತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಇದನ್ನು ಮುಂದುವರಿಸಿತು. 2002ರಲ್ಲಿ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ಮೂವತ್ತು ವರ್ಷ ನಡೆದದ್ದರ ಗುಟ್ಟು ಸಲಕರಣೆಯ ಪೆಟ್ಟಿಗೆಯಲ್ಲಿತ್ತೆಂದು ನನಗೆ ಅನ್ನಿಸುವುದಿಲ್ಲ. ಶಿಕ್ಷಕರು ತಿಂಗಳು ತಿಂಗಳು ಸೇರಿ, ಯಾವ ಪ್ರಯೋಗ ಕೈಕೊಟ್ಟಿತು, ಯಾಕೆ ಕೊಟ್ಟಿತು ಎಂದು ಬಿಚ್ಚಿ ಮಾತಾಡುತ್ತಿದ್ದರಲ್ಲ, ಗುಟ್ಟು ಅಲ್ಲಿತ್ತು.

ಕನ್ನಡ ನಾಡಿನಲ್ಲಿ ವಿಜ್ಞಾನವನ್ನು ಜನರ ಬಳಿಗೆ ಒಯ್ಯುವ ಕೆಲಸದ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಪತ್ರಿಕೆ ತಂದರು. ಅಮೆರಿಕದಲ್ಲಿ ಪರಮಾಣು ಭೌತವಿಜ್ಞಾನ ಓದಿ ಬಂದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. 'ಬಾಲ ವಿಜ್ಞಾನ' ಮಾಸಪತ್ರಿಕೆ 1978ರಲ್ಲಿ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 1980ರಲ್ಲಿ ಬಂದವು. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ 10ರಿಂದ 17 ವಯಸ್ಸಿನ ಮಕ್ಕಳು ತಮ್ಮ ಊರಿನದೇ ಸಮಸ್ಯೆ ಹಿಡಿದು ಯೋಜನೆ ಮಾಡುತ್ತಾರೆ. ಭಾರತ ಜ್ಞಾನ ವಿಜ್ಞಾನ ಸಮಿತಿ ನಡೆಸಿದ ಮಕ್ಕಳ ವಿಜ್ಞಾನ ಹಬ್ಬದ ನಾಲ್ಕು ಮೂಲೆಗಳ ಹೆಸರು ಕೇಳಿದರೇ ಖುಷಿಯಾಗುತ್ತದೆ: ಹಾಡು-ಆಡು, ಮಾಡು-ಆಡು, ಕಾಗದ-ಕತ್ತರಿ, ಊರು ತಿಳಿಯೋಣ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ಶಿಕ್ಷಕರು ಉಳಿದುಕೊಂಡು ತಮ್ಮ ಕೈಯಿಂದಲೇ ಪ್ರಯೋಗ ಮಾಡಿ ಕಲಿಯುವ ತರಬೇತಿ ನಡೆಯುತ್ತದೆ. 1999ರಲ್ಲಿ ಶುರುವಾದ, ಗಡಿಯಾಚೆ ಕುಪ್ಪಂನಲ್ಲಿ ನೆಲೆಯಿರುವ ಅಗಸ್ತ್ಯ ಫೌಂಡೇಶನ್ ವ್ಯಾನುಗಳಲ್ಲಿ ಪ್ರಯೋಗಾಲಯವನ್ನೇ ಹಳ್ಳಿ ಶಾಲೆಗಳಿಗೆ ಒಯ್ಯುತ್ತದೆ.

ವ್ಯಾನು ಬಂದ ದಿನ ಮಕ್ಕಳಿಗೆ ಜಾತ್ರೆ. ಅದು ಬೇಕು. ಆದರೆ ಬಣ್ಣ ಬದಲಿಸುವ ದ್ರಾವಣವನ್ನು ಒಂದೇ ಸಲ ಕಂಡ ಮಗುವಿಗೆ ನೆನಪುಳಿಯುವುದು ಬಣ್ಣ, ಕಾರಣವಲ್ಲ. ಗದಗ ಜಿಲ್ಲೆಗೆ ಬರುವ ವಿಜ್ಞಾನಿ ತಾನೂ ಉತ್ತರ ಕಂಡಿರದ, ಇಲ್ಲಿಯ ಮಣ್ಣಲ್ಲೇ ಇರುವ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಆಸೆ.

ಮಣ್ಣಿನಿಂದಲೇ ಶುರುಮಾಡೋಣ. ಗದಗ-ನರಗುಂದದ ಕಡೆ ಕಪ್ಪನೆಯ ಎರೆ, ಕಪ್ಪತಗುಡ್ಡದ ಸುತ್ತ ಕೆಂಪನೆಯ ಮಸಾರಿ. ಎರಡು ನೀರಿನ ಬಾಟಲಿಗಳ ತಳ ಕತ್ತರಿಸಿ, ಬಾಯಿಗೆ ಹಳೆ ಬಟ್ಟೆ ಕಟ್ಟಿ, ತಲೆಕೆಳಗಾಗಿ ನಿಲ್ಲಿಸಿ. ಒಂದಕ್ಕೆ ಒಣಗಿಸಿ ಪುಡಿಮಾಡಿದ ಎರೆಮಣ್ಣು, ಇನ್ನೊಂದಕ್ಕೆ ಅಷ್ಟೇ ತೂಕದ ಮಸಾರಿ. ಎರಡಕ್ಕೂ 200 ಮಿಲಿಲೀಟರ್ ನೀರು ಸುರಿದು, ಕೆಳಗೆ ಇಳಿದದ್ದನ್ನು ಅಳೆಯಿರಿ. ಮಸಾರಿ ಬೇಗ ಬಿಟ್ಟುಕೊಡುತ್ತದೆ. ಎರೆ ಹಿಡಿದಿಟ್ಟುಕೊಂಡು ಉಬ್ಬುತ್ತದೆ, ಅದರಲ್ಲಿರುವ ಜೇಡಿಕಣಗಳ ಪದರಗಳ ನಡುವೆ ನೀರು ಹೊಕ್ಕು ಕೂರುತ್ತದೆ. ಅದೇ ಬಾಟಲಿಯನ್ನು ವಾರ ಬಿಸಿಲಿಗಿಟ್ಟರೆ ಹೊಲದಲ್ಲಿ ಕಾಣುವಂಥ ಬಿರುಕು ಬಾಟಲಿಯಲ್ಲೂ ಕಾಣುತ್ತದೆ. ಮಳೆಗಾಲ ಮುಗಿದ ಮೇಲೆ ಬಿತ್ತಿದ ಬಿಳಿಜೋಳ, ಕಡಲೆ, ಕುಸುಬಿ ಒಂದು ಹನಿ ನೀರು ಕಾಣದೆಯೂ ಹೇಗೆ ಬೆಳೆಯುತ್ತವೆಂದು ಮನೆಯಲ್ಲಿ ಅಜ್ಜನಿಗೆ ಗೊತ್ತು. ಮೊಮ್ಮಗಳು ಈಗ ಅದನ್ನು ಮಿಲಿಲೀಟರಿನಲ್ಲಿ ಹೇಳಬಲ್ಲಳು. ಅಜ್ಜ ಮತ್ತೊಂದು ಮಾತು ಸೇರಿಸಬಹುದು: ಬಿರಿದ ಎರೆಹೊಲ ಮೊದಲ ಮಳೆಯನ್ನು ಬಿರುಕಿನಲ್ಲೇ ಕುಡಿಯುತ್ತದೆ, ಬಿರುಕು ಮುಚ್ಚಿಕೊಂಡ ಮೇಲೆ ನೀರು ಮೇಲೇ ನಿಲ್ಲುತ್ತದೆ. ಬಾಟಲಿಯಲ್ಲಿ ಇದನ್ನು ಹೇಗೆ ಪರೀಕ್ಷಿಸುವುದು? ಬಂದ ವಿಜ್ಞಾನಿಯೂ ಅಲ್ಲಿ ಕುಳಿತು ಯೋಚಿಸಬೇಕಾಗುತ್ತದೆ.

ಮಳೆಯದೂ ಹಾಗೆಯೇ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಜಿಲ್ಲೆಯಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. 100 ಚದರ ಮೀಟರ್ ಮಾಳಿಗೆಯಿರುವ ಶಾಲೆಯ ಮೇಲೆ ಹಾಗಾದರೆ ವರ್ಷಕ್ಕೆ 60 ಸಾವಿರ ಲೀಟರ್ ನೀರು ಸುರಿಯುತ್ತದೆ.

ಈ ಲೆಕ್ಕ ಮುಂಡರಗಿ ತಾಲೂಕಿನಲ್ಲಿ ಬರೀ ಲೆಕ್ಕವಾಗಿ ಉಳಿಯುವುದಿಲ್ಲ. ಅಲ್ಲಿಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಕುಡಿಯಲು ಮಳೆನೀರೇ ಆಸರೆಯಾಗಬಹುದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಒಳ್ಳೆಯದಲ್ಲ. ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಮೊದಲು ಬಿಳಿ, ಆಮೇಲೆ ಕಂದು ಕಲೆ ಕಾಣಿಸುತ್ತದೆ. ಕಾಯಿಸಿದರೆ ಸರಿಹೋಗುತ್ತದೆಂದು ತಿಳಿದವರು ಬಹಳ ಮಂದಿ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಾಢವಾಗುತ್ತದೆ. ಪರೀಕ್ಷೆಯ ಕಿಟ್‌ನಲ್ಲಿ ಗುಲಾಬಿ ಬಣ್ಣ ಹಳದಿಯ ಕಡೆ ವಾಲಿದಷ್ಟೂ ಫ್ಲೋರೈಡ್ ಜಾಸ್ತಿ. ದ್ರಾವಣದಲ್ಲಿ ಆಮ್ಲವಿರುವುದರಿಂದ ತಿಳಿದವರು ಪಕ್ಕದಲ್ಲಿರಬೇಕು. ರಸಾಯನ ಬಲ್ಲವರೊಬ್ಬರು ಶಾಲೆಗೆ ಬರಲೇಬೇಕಾದ ಪಾಠ ಯಾವುದೆಂದು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಮಕ್ಕಳು ತಮ್ಮ ತಮ್ಮ ಓಣಿಯ ನೀರನ್ನು ಹೆಸರು ಬರೆದ ಶೀಶೆಯಲ್ಲಿ ತರಲಿ, ಬೋರಿನ ಆಳ ಕೇಳಿ ಬರೆದುಕೊಳ್ಳಲಿ, ಊರಿನ ನಕಾಶೆ ಬಿಡಿಸಿ ಬಣ್ಣ ತುಂಬಲಿ. ಗ್ರಾಮ ಪಂಚಾಯಿತಿಯ ಮುಂದೆ ಇಡಬಹುದಾದ ಕಾಗದ ಅದು.

ಇನ್ನೊಂದು ಪಾಠ ಕೆರೆಯ ದಡದಲ್ಲಿದೆ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಸಾವಿರ ಹಕ್ಕಿಗಳನ್ನು ಒಂದೊಂದಾಗಿ ಎಣಿಸಲು ಆಗುವುದಿಲ್ಲ. ಕಣ್ಣಳತೆಯಲ್ಲಿ ಹತ್ತು ಹಕ್ಕಿಗಳ ಒಂದು ಗುಂಪು ಹಿಡಿದು, ಅಂಥ ಗುಂಪು ಎಷ್ಟಿವೆಯೆಂದು ಇಬ್ಬರು ಬೇರೆ ಬೇರೆಯಾಗಿ ಎಣಿಸಿ ತಾಳೆ ನೋಡಬೇಕು. ಇಬ್ಬರ ಲೆಕ್ಕ ಹೊಂದದಿದ್ದರೆ ಯಾರದು ತಪ್ಪು ಎಂದು ಜಗಳವಾಡುವ ಮುಂಚೆ ಮತ್ತೊಮ್ಮೆ ಎಣಿಸಬೇಕು.

ಇದಕ್ಕೆಲ್ಲ ಒಂದು ದಪ್ಪ ನೋಟುಬುಕ್ಕು ಬೇಕು. ಇದ್ದ ಮಾಸ್ತರರಿಗೆ ವರ್ಗವಾದರೂ, ಅಕ್ಕೋರು ಬದಲಾದರೂ, ಏಳನೆಯವರು ಪಾಸಾಗಿ ಹೋದರೂ ಶಾಲೆಯ ಕಪಾಟಿನಲ್ಲೇ ಉಳಿಯುವ ನೋಟುಬುಕ್ಕು. ಮಳೆ, ನೆರಳು, ಬೋರಿನ ನೀರು, ಹೆಬ್ಬಾತು, ಎಲ್ಲಕ್ಕೂ ಒಂದೊಂದು ಪುಟ, ಬರೆದವರ ಹೆಸರು, ದಿನಾಂಕ. ಆಗಸ್ಟ್ 11ರಂದು ಹನ್ನೆರಡೂವರೆಗೆ ಕೋಲಿನ ಸುತ್ತ ನಿಂತ ಮಕ್ಕಳಿಗೆ ಸೂರ್ಯ ಮುಖವನ್ನೇ ತೋರಿಸದೆ ಹೋಗಬಹುದು. ಆಗ ಆ ದಿನದ ಸಾಲಿನಲ್ಲಿ ಹೀಗೆ ಬರೆಯಬೇಕು: ಮೋಡ ಕವಿದಿತ್ತು, ನೆರಳು ಇತ್ತೋ ಇಲ್ಲವೋ ತಿಳಿಯಲಿಲ್ಲ.