ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳ ಐತಿಹಾಸಿಕ ಸ್ಥಳಗಳು

ಶಿವಮೊಗ್ಗ ಜಿಲ್ಲೆಯ ಉತ್ತರ ಭಾಗದಲ್ಲಿ ಒಂದಕ್ಕೊಂದು ಹೊಂದಿಕೊಂಡಿರುವ ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳು ಕರ್ನಾಟಕದಲ್ಲಿ ಶಾಸನಗಳು ಹೇರಳವಾಗಿ ದೊರೆತಿರುವ ಪ್ರದೇಶಗಳಾಗಿವೆ. ಪ್ರಾಚೀನ ಕಾಲದಲ್ಲಿ ಈ ಸೀಮೆಯು ಬನವಾಸಿ 12000 ಎಂಬ ದೊಡ್ಡ ನಾಡಿಗೆ ಸೇರಿತ್ತು. ಅದರ ಒಳವಿಭಾಗಗಳಲ್ಲಿ ನಾಗರಖಂಡ 70 ಪ್ರಮುಖವಾದುದು. ಕದಂಬರು, ಬಾದಾಮಿ ಚಾಲುಕ್ಯರು, ರಾಷ್ಟ್ರಕೂಟರು, ಕಲ್ಯಾಣ ಚಾಲುಕ್ಯರು, ಕಳಚುರಿಗಳು, ಹೊಯ್ಸಳರು, ವಿಜಯನಗರದ ಅರಸರು ಹಾಗೂ ಕೆಳದಿಯ ನಾಯಕರು ಕ್ರಮವಾಗಿ ಇಲ್ಲಿ ಆಳಿದರು.

ಜೋಗ ಜಲಪಾತಕ್ಕೂ ಬನವಾಸಿಗೂ ಹೋಗುವ ಪ್ರವಾಸಿಗರಲ್ಲಿ ಅನೇಕರು ಈ ಊರುಗಳನ್ನು ದಾಟಿಯೇ ಹೋಗುತ್ತಾರೆ. ಬೇಲೂರು, ಹಳೇಬೀಡುಗಳ ಶಿಲ್ಪವೈಭವವನ್ನು ಎದುರುನೋಡಿ ಬಂದವರಿಗೆ ಇಲ್ಲಿನ ಗುಡಿಗಳು ಸರಳವೆನಿಸಬಹುದು. ಆದರೆ ಈ ಸೀಮೆಯ ಹಿರಿಮೆ ಇರುವುದು ಕಲ್ಲಿನ ಮೇಲಿನ ಬರಹದಲ್ಲಿ. ಆ ಬರಹದ ತಾತ್ಪರ್ಯ ತಿಳಿಯದೆ ನೋಡಿದರೆ ತಾಳಗುಂದದ ಕಂಬವೂ ಬರಿಯ ಕಂಬವಾಗಿಯೇ ಕಾಣುತ್ತದೆ.

ತಾಳಗುಂದ

ಶಿಕಾರಿಪುರ ತಾಲ್ಲೂಕಿನ ತಾಳಗುಂದವು ಶಾಸನಗಳಲ್ಲಿ ‘ಸ್ಥಾನಕುಂದೂರು’ ಎಂದು ಕರೆಯಲ್ಪಟ್ಟಿರುವ ಪ್ರಾಚೀನ ಅಗ್ರಹಾರ. ಇಲ್ಲಿನ ಪ್ರಣವೇಶ್ವರ ದೇವಾಲಯದ ಎದುರಿಗಿರುವ ಕಲ್ಲಿನ ಕಂಬದ ಮೇಲೆ ಕದಂಬ ವಂಶದ ಮೂಲವನ್ನು ತಿಳಿಸುವ ಸಂಸ್ಕೃತ ಶಾಸನವಿದೆ. ಕ್ರಿ.ಶ. 5ನೆಯ ಶತಮಾನದಲ್ಲಿ ಶಾಂತಿವರ್ಮನ ಆಳ್ವಿಕೆಯಲ್ಲಿ ಇದು ಸಿದ್ಧವಾಯಿತು. ರಚಿಸಿದವನು ಕುಬ್ಜನೆಂಬ ಕವಿ. ಕಾಕುಸ್ಥವರ್ಮನು ಇಲ್ಲಿನ ಶಿವಾಲಯದ ಬಳಿ ಕೆರೆಯೊಂದನ್ನು ಕಟ್ಟಿಸಿದ ಸಂಗತಿಯನ್ನು ದಾಖಲಿಸುವುದು ಇದರ ಉದ್ದೇಶ. ಆದರೆ ಚರಿತ್ರೆಗೆ ಅಮೂಲ್ಯವಾಗಿರುವುದು ಅದಕ್ಕೆ ಮುನ್ನ ಕವಿ ಹೇಳಿರುವ ವಂಶಕಥನ.

ಅದರ ಪ್ರಕಾರ ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ವೇದಾಧ್ಯಯನವನ್ನು ಪೂರ್ಣಗೊಳಿಸಲು ಪಲ್ಲವರ ರಾಜಧಾನಿ ಕಾಂಚಿಯ ಘಟಿಕಾಸ್ಥಾನಕ್ಕೆ ಹೋದನು. ಅಲ್ಲಿ ಪಲ್ಲವರ ಅಶ್ವಪಡೆಗೆ ಸಂಬಂಧಿಸಿದ ಕಲಹವೊಂದರಲ್ಲಿ ಅಪಮಾನಿತನಾದನು. ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಖಡ್ಗ ಹಿಡಿದು, ಶ್ರೀಪರ್ವತದ ಕಾಡುಗಳಲ್ಲಿ ನೆಲೆನಿಂತು, ಕೊನೆಗೆ ಪಲ್ಲವರೇ ತನ್ನನ್ನು ಅರಸನೆಂದು ಮನ್ನಿಸುವಂತೆ ಮಾಡಿದನು. ಪಠ್ಯಪುಸ್ತಕಗಳಲ್ಲಿ ಬರುವ ಮಯೂರನ ಕಥೆಗೆ ಮೂಲ ಆಧಾರ ಈ ಕಂಬವೇ. ಇಲ್ಲಿನ ಶಿವನನ್ನು ಹಿಂದೆ ಸಾತಕರ್ಣಿ ಮೊದಲಾದ ಅರಸರು ಪೂಜಿಸಿದ್ದರೆಂದೂ ಶಾಸನ ಹೇಳುವುದರಿಂದ, ದೇವಾಲಯದ ಮೂಲ ಕದಂಬರಿಗಿಂತ ಹಿಂದಿನದು. ಅದೇ ತಾಲ್ಲೂಕಿನ ಮಳವಳ್ಳಿಯ ಕಂಬದ ಮೇಲೆ ಸಾತಕರ್ಣಿಯ ಪ್ರಾಕೃತ ಶಾಸನವೂ, ಅದರೊಡನೆ ಕದಂಬ ಅರಸನ ಶಾಸನವೂ ಇರುವುದು ಈ ಮಾತಿಗೆ ಪೂರಕವಾಗಿದೆ.

ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯು ಪ್ರಣವೇಶ್ವರ ದೇವಾಲಯದ ಆವರಣದಲ್ಲಿ ನಡೆಸಿದ ಉತ್ಖನನದಲ್ಲಿ ಸಿಂಹಕಟಾಂಜನದ ಮೇಲೆ ಕೆತ್ತಿದ ಶಾಸನವೊಂದು ದೊರೆಯಿತು. ಇದು ಕ್ರಿ.ಶ. 370ರದ್ದೆಂದು ಅಭಿಪ್ರಾಯಪಡಲಾಗಿದೆ. ಈ ಕಾಲನಿರ್ಣಯವನ್ನು ಒಪ್ಪಿದರೆ ಕನ್ನಡದ ಪ್ರಥಮ ಶಾಸನವೆಂಬ ಸ್ಥಾನ ಸುಮಾರು 450ರ ಹಲ್ಮಿಡಿ ಶಾಸನದಿಂದ ತಾಳಗುಂದಕ್ಕೆ ಸಲ್ಲುತ್ತದೆ.

ಬಳ್ಳಿಗಾವಿ

ಶಿರಾಳಕೊಪ್ಪದಿಂದ ಸುಮಾರು 2 ಕಿ.ಮೀ. ದೂರದಲ್ಲಿರುವ ಬಳ್ಳಿಗಾವಿ ಇಂದು ಚಿಕ್ಕ ಊರು. ಬಳ್ಳಿಪುರ, ಬಳ್ಳಿಗಾವೆ, ಬೆಳಗಾಮಿ, ದಕ್ಷಿಣ ಕೇದಾರ ಎಂಬ ಹೆಸರುಗಳನ್ನು ಹೊತ್ತಿದ್ದ ಇದು 11 ಮತ್ತು 12ನೆಯ ಶತಮಾನಗಳಲ್ಲಿ ಬನವಾಸಿ ನಾಡಿನ ರಾಜಧಾನಿಯೂ ದೊಡ್ಡ ವಿದ್ಯಾಕೇಂದ್ರವೂ ಆಗಿತ್ತು. ಶಿವಾಲಯಗಳಲ್ಲದೆ ವಿಷ್ಣು, ಬ್ರಹ್ಮ, ಜಿನ, ಬುದ್ಧರ ಆರಾಧನೆಗೂ ಇಲ್ಲಿ ನೆಲೆಗಳಿದ್ದವು. ಬೌದ್ಧ ದೇವತೆ ತಾರಾ ಭಗವತಿಗಾಗಿ 11ನೆಯ ಶತಮಾನದಲ್ಲಿ ವಿಹಾರವೊಂದು ನಿರ್ಮಾಣವಾಯಿತು. ಕರ್ನಾಟಕದಲ್ಲಿ ಬೌದ್ಧಧರ್ಮ ಅಷ್ಟು ತಡವಾಗಿಯೂ ಉಳಿದಿದ್ದುದಕ್ಕೆ ಇದು ಸಾಕ್ಷಿ. ವಚನಕಾರ ಅಲ್ಲಮಪ್ರಭುವಿನ ಜನ್ಮಸ್ಥಳವೂ ಬಳ್ಳಿಗಾವಿಯೇ. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನಲ್ಲಿದೆ.

ಕೇದಾರೇಶ್ವರ ದೇವಾಲಯವು ಮೂರು ಗರ್ಭಗುಡಿಗಳುಳ್ಳ ತ್ರಿಕೂಟ. ಇದಕ್ಕೆ ಸೇರಿದ್ದ ಕೋಡಿಯಮಠವನ್ನು ಕಾಳಾಮುಖ ಶೈವ ಯತಿಗಳು ನಡೆಸುತ್ತಿದ್ದರು. ಬಿಜ್ಜಳನ ಕಾಲದ 1162ರ ಶಾಸನ ಆ ಮಠದ ದಿನಚರಿಯನ್ನೇ ಕಣ್ಣೆದುರು ತರುತ್ತದೆ. ನಾಲ್ಕು ವೇದಗಳು, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು, ಷಡ್ದರ್ಶನಗಳು, ಯೋಗಶಾಸ್ತ್ರ, ಹದಿನೆಂಟು ಪುರಾಣಗಳು, ಕಾವ್ಯ ಮತ್ತು ನಾಟಕ ಅಲ್ಲಿನ ಪಾಠವಿಷಯಗಳು. ದೀನರು, ಅನಾಥರು, ಕುರುಡರು, ಕಿವುಡರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಬೇರೆ ಬೇರೆ ಪಂಥಗಳ ಸನ್ಯಾಸಿಗಳು, ಎಲ್ಲರಿಗೂ ಅನ್ನ. ರೋಗಿಗಳಿಗೆ ಚಿಕಿತ್ಸೆ. ಶಾಲೆ, ಛತ್ರ, ಆಸ್ಪತ್ರೆ ಮೂರೂ ಒಂದೇ ಆವರಣದಲ್ಲಿದ್ದ ಈ ಸಂಸ್ಥೆಯ ವರ್ಣನೆ ಕರ್ನಾಟಕದ ಶಿಕ್ಷಣ ಚರಿತ್ರೆಯಲ್ಲಿ ಬಹು ಅಪರೂಪದ್ದು. ಕೇದಾರೇಶ್ವರವನ್ನು ನೋಡುವವರು ಗೋಪುರಗಳೊಂದಿಗೆ ಈ ಶಾಸನಕ್ಕೂ ಸ್ವಲ್ಪ ಸಮಯ ಕೊಡುವುದು ಒಳಿತು.

ತ್ರಿಪುರಾಂತಕೇಶ್ವರ ದೇವಾಲಯ ಬಹಳಷ್ಟು ಶಿಥಿಲವಾಗಿದ್ದರೂ ಅದರ ಜಾಲಂಧ್ರಗಳ ಕೆತ್ತನೆ ಸೊಗಸಾಗಿದೆ. ಊರಿನಲ್ಲಿ 1047ರಲ್ಲಿ ಚಾವುಂಡರಾಯರಸನು ನಿಲ್ಲಿಸಿದ ಎತ್ತರದ ಗಂಡಭೇರುಂಡ ಸ್ತಂಭವಿದೆ. ಭೂಮಿಯನ್ನು ಅಳೆಯುತ್ತಿದ್ದ ‘ಭೇರುಂಡ ಗಳೆ’ ಎಂಬ ಅಳತೆಕೋಲಿನ ಉಲ್ಲೇಖ ಇಲ್ಲಿನ ದತ್ತಿಶಾಸನಗಳಲ್ಲಿ ಬರುತ್ತದೆ.

ಬಂದಳಿಕೆ ಮತ್ತು ಕುಬಟೂರು

ನಾಗರಖಂಡದ ಮುಖ್ಯ ಊರಾಗಿದ್ದ ಬಂದಳಿಕೆ (ಶಾಸನಗಳ ಬಂದಣಿಕೆ) ಶಿಕಾರಿಪುರ ತಾಲ್ಲೂಕಿನಲ್ಲಿದೆ. ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ ಗುಡಿ ಮತ್ತು ಸೋಮೇಶ್ವರ ದೇವಾಲಯ ಇಲ್ಲಿ ಉಳಿದಿವೆ. 10ನೆಯ ಶತಮಾನದ ಆರಂಭದ ಶಾಸನವೊಂದು ಜಕ್ಕಿಯಬ್ಬೆಯೆಂಬ ಮಹಿಳೆಯ ವೃತ್ತಾಂತವನ್ನು ತಿಳಿಸುತ್ತದೆ. ನಾಗರಖಂಡದ ನಾಳ್ಗಾವುಂಡನಾಗಿದ್ದ ಪತಿ ತೀರಿಕೊಂಡಾಗ ಆ ಅಧಿಕಾರ ಆಕೆಗೆ ದೊರೆಯಿತು. ದಕ್ಷತೆಯಿಂದ ಆಡಳಿತ ನಡೆಸಿದ ಆಕೆ, ಕಾಯಿಲೆ ಬಿದ್ದಾಗ ಹೊಣೆಯನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟಳು. ಸಾವಿರ ವರ್ಷಗಳ ಹಿಂದೆ ತಾಯಿಯಿಂದ ಮಗಳಿಗೆ ಆಡಳಿತ ಸಂದ ಈ ನಿದರ್ಶನ ಇನ್ನೂ ಹೆಚ್ಚು ಜನರಿಗೆ ತಿಳಿಯಬೇಕಾದುದು.

ಸೊರಬ ತಾಲ್ಲೂಕಿನಲ್ಲಿ ಆನವಟ್ಟಿಯ ಸಮೀಪವಿರುವ ಕುಬಟೂರನ್ನು ಜನರು ಚಂದ್ರಹಾಸನ ಕುಂತಳ ನಗರವೆಂದು ನಂಬುತ್ತಾರೆ. ಇಲ್ಲಿನ ಕೈಟಭೇಶ್ವರ ದೇವಾಲಯ ಸುಮಾರು 1100ರದ್ದು. ಹೊಳಪುಳ್ಳ ತಿರುಗಣೆ ಕಂಬಗಳ ವಿಶಾಲ ಮಂಟಪ ಇದರ ಆಕರ್ಷಣೆ. ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ 1077ರಲ್ಲಿ ಇದೇ ಊರಿನಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದಳು.

ಚಂದ್ರಗುತ್ತಿ

ಸೊರಬ ತಾಲ್ಲೂಕಿನ ಈ ಬೆಟ್ಟದ ಮೇಲೆ ಹಳೆಯ ಕೋಟೆಯ ಅವಶೇಷಗಳೂ, ಮಾರ್ಗದಲ್ಲಿ ಗುಹೆಯೊಳಗಿನ ರೇಣುಕಾಂಬಾ ದೇವಾಲಯವೂ ಇವೆ. ಇಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆ 1986ರ ಘರ್ಷಣೆಯ ಬಳಿಕ ನಿಷೇಧಕ್ಕೊಳಗಾಯಿತು.

ಈಸೂರು

ಶಿಕಾರಿಪುರ ತಾಲ್ಲೂಕಿನ ಈಸೂರು 1942ರ ಕ್ವಿಟ್ ಇಂಡಿಯಾ ಚಳವಳಿಯ ಸಂದರ್ಭದಲ್ಲಿ ತನ್ನನ್ನು ಸ್ವತಂತ್ರವೆಂದು ಘೋಷಿಸಿಕೊಂಡ ಗ್ರಾಮ. ಅದೇ ಸೆಪ್ಟೆಂಬರಿನಲ್ಲಿ ಗ್ರಾಮಕ್ಕೆ ಬಂದ ಅಧಿಕಾರಿಗಳೊಂದಿಗೆ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಸಬ್‌ಇನ್ಸ್‌ಪೆಕ್ಟರರೂ ಹತರಾದರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ ಮತ್ತು ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು.

ಹೊಲ, ಕೆರೆಏರಿಗಳ ಕಲ್ಲುಗಳು

ಮೇಲಿನ ಪ್ರಮುಖ ದೇವಾಲಯಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಕುಪ್ಪಗಡ್ಡೆ, ಆನವಟ್ಟಿ, ಜಡೆ, ಉಳವಿ ಮೊದಲಾದ ಹೋಬಳಿಗಳ ಸೀಮೆಯಲ್ಲಿ ಚದುರಿಹೋಗಿರುವ ವೀರಗಲ್ಲು, ಮಾಸ್ತಿಕಲ್ಲು, ನಿಷಿಧಿಗಲ್ಲುಗಳಲ್ಲಿ ಬಹುಪಾಲಿಗೆ ಆ ಭಾಗ್ಯವಿಲ್ಲ. ಸಾಮಾನ್ಯವಾಗಿ ವೀರಗಲ್ಲಿನ ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ ಇರುತ್ತದೆ. ಬಳೆ ತೊಟ್ಟ ಕೈಯೊಂದು ಮೇಲಕ್ಕೆ ಚಾಚಿದ್ದರೆ ಅದು ಮಾಸ್ತಿಕಲ್ಲು. ಅರಸರ ಶಾಸನಗಳು ದಾನ, ದಿಗ್ವಿಜಯಗಳನ್ನು ಹೇಳಿದರೆ, ತುರುಗಳನ್ನು ಬಿಡಿಸಲು ಹೋಗಿ ಮಡಿದ ಸಾಮಾನ್ಯ ರೈತನ ಹೆಸರು ಉಳಿದಿರುವುದು ಇಂಥ ಕಲ್ಲುಗಳಲ್ಲಿ ಮಾತ್ರ.

ಬಿ. ಎಲ್. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟದಲ್ಲೂ (1902), ಸೊರಬದವುಗಳನ್ನು 8ನೆಯ ಸಂಪುಟದಲ್ಲೂ (1904) ಪ್ರಕಟಿಸಿದರು. ಮಳೆ, ಪಾಚಿ, ಬಳಿದ ಸುಣ್ಣ, ಸುರಿದ ಎಣ್ಣೆಗಳಿಂದ ಅಕ್ಷರ ಮಾಸಿರುವಲ್ಲಿ ಈಗ ಆ ಸಂಪುಟಗಳ ಪಾಠವೇ ಆಸರೆ. ಅವುಗಳಲ್ಲಿ ಸೇರದ ಕಲ್ಲು ರಸ್ತೆಯ ಅಗಲೀಕರಣಕ್ಕೋ ನಿಧಿಗಳ್ಳರ ಹಾರೆಗೋ ಸಿಕ್ಕಿದರೆ ಅದರ ಮಾತು ಮರಳಿ ಸಿಗುವುದಿಲ್ಲ. ಹೊಲದಲ್ಲಿ ಬರಹವುಳ್ಳ ಕಲ್ಲು ಕಂಡವರು ಅದನ್ನು ಉಜ್ಜದೆ, ಕದಲಿಸದೆ, ಓರೆಬೆಳಕಿನಲ್ಲಿ ಛಾಯಾಚಿತ್ರ ತೆಗೆದು, ಇರುವ ಜಾಗವನ್ನು ಗುರುತಿಸಿ ಇಲಾಖೆಗೆ ತಿಳಿಸಬೇಕು.

ಭೇಟಿ

ಬಳ್ಳಿಗಾವಿ ಮತ್ತು ತಾಳಗುಂದಗಳನ್ನು ಶಿರಾಳಕೊಪ್ಪದಿಂದ ಒಂದೇ ದಿನದಲ್ಲಿ ನೋಡಬಹುದು. ಕುಬಟೂರಿಗೆ ಆನವಟ್ಟಿಯಿಂದ ಹೋಗುವುದು ಅನುಕೂಲ. ಸೊರಬದಲ್ಲಿ ಗುಡಿಗಾರರ ಶ್ರೀಗಂಧದ ಕೆತ್ತನೆ ಪ್ರಸಿದ್ಧವಾಗಿದೆ. ಸೊರಬದಿಂದ ಬನವಾಸಿಗೆ ಹೋಗುವವರು ಗುಡವಿ ಪಕ್ಷಿಧಾಮವನ್ನೂ ನೋಡಬಹುದು. ಮಳೆಗಾಲ ಆರಂಭವಾದ ಮೇಲೆ ಅಲ್ಲಿನ ಕೆರೆಯ ಮರಗಳಲ್ಲಿ ಬೆಳ್ಳಕ್ಕಿ, ಕೆಂಬರಲುಗಳು ಗೂಡು ಕಟ್ಟುತ್ತವೆ.