ಮನೆಯೊಳಗಿನ ಬಾನುಲಿ: ಕಿರು ಎಫ್.ಎಂ. ಪ್ರೇಷಕಯಂತ್ರದ ಆಯ್ಕೆ

ಕನ್ನಡನಾಡಿನ ಬಾನುಲಿಯ ಇತಿಹಾಸವು ಸರಕಾರದ ಕಚೇರಿಯಲ್ಲಲ್ಲ, ಒಂದು ಮನೆಯಲ್ಲಿ ಮೊದಲಾಯಿತು. ಮೈಸೂರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸಪ್ಟಂಬರ 10ರಂದು ತಮ್ಮ ಮನೆಯಾದ ‘ವಿಠಲ ವಿಹಾರ’ದಲ್ಲಿ 30 ವ್ಯಾಟುಗಳ ಪ್ರೇಷಕಯಂತ್ರವನ್ನಿರಿಸಿಕೊಂಡು ಪ್ರಸಾರವನ್ನಾರಂಭಿಸಿದರು. ‘ಆಕಾಶವಾಣಿ’ ಎಂಬುದು ಆ ನಿಲಯದ ಹೆಸರು. ಮುಂದೆ ಅದೇ ಇಡೀ ದೇಶದ ಬಾನುಲಿಗೆ ಸಂದಿತು. 1942ರಲ್ಲಿ ಸಂಸ್ಥಾನ ಸರಕಾರವು ನಿಲಯವನ್ನು ವಹಿಸಿಕೊಂಡಿತು.

ಅದೇ ವರ್ಷಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು ಮುಂಬಯಿ ಆಧಿಪತ್ಯದ ವಿಜಾಪುರ ಜಿಲ್ಲೆಗೆ ಸೇರಿದ್ದವು. ಅಲ್ಲಿಗೆ 1933ರ ನಿಸ್ತಂತು ತಾರಿನ ಕಾಯಿದೆಯು ಅನ್ವಯಿಸುತ್ತಿತ್ತು. ಪರವಾನಿಗೆಯಿಲ್ಲದೆ ನಿಸ್ತಂತು ಯಂತ್ರವನ್ನಿಟ್ಟುಕೊಳ್ಳುವುದೇ ಅಪರಾಧ. ಮೈಸೂರಿನಲ್ಲಿ ನಡೆದುದು ಇಂಡಿಯಲ್ಲಿ ಅಷ್ಟು ಸುಲಭವಾಗಿ ನಡೆಯುತ್ತಿರಲಿಲ್ಲವೆಂದು ಊಹಿಸಬಹುದು. ಈ ಭಾಗಕ್ಕೆ ಸಮೀಪದ ಕನ್ನಡ ನಿಲಯವು ಧಾರವಾಡದಲ್ಲಿ ಪ್ರಾರಂಭವಾದುದು 1950ರ ಜನವರಿ 8ರಂದು.

ಇಂದು ಅಂಗೈಯಗಲದ ಎಫ್.ಎಂ. ಪ್ರೇಷಕಗಳು ಪೇಟೆಯಲ್ಲಿ ಸಿಕ್ಕುತ್ತವೆ. ಮೊಬೈಲಿನಲ್ಲಿ ಮುದ್ರಿಸಿದ ಧ್ವನಿಯನ್ನು ಪಡಸಾಲೆಯ ರೇಡಿಯೋದಲ್ಲಿ ಕೇಳಿಸುವುದಷ್ಟೇ ಅವುಗಳ ಕೆಲಸ. ಇತಿಹಾಸದ ವಿದ್ಯಾರ್ಥಿಗೂ ಇದರಿಂದ ಪ್ರಯೋಜನವುಂಟು. ಆಗ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ಈಗ ಅಂಥ ಹಾಡುಗಳನ್ನು ಮುದ್ರಿಸಿಕೊಳ್ಳುವವರು ಹಾಡಿದ ಮುದುಕಿಗೇ ಮತ್ತೆ ಕೇಳಿಸಿ ಪಾಠವನ್ನು ತಿದ್ದಿಸಿಕೊಳ್ಳಬೇಕು. ಮೊಬೈಲು ಅವಳ ಕೈಗೆ ಒಗ್ಗದು. ರೇಡಿಯೋದ ಕಿವಿಯನ್ನು ತಿರುವುವುದು ಮಾತ್ರ ಚೆನ್ನಾಗಿ ಬಲ್ಲಳು.

ಕೊಳ್ಳುವವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ ‘ಎಷ್ಟು ದೂರ ಹೋಗುತ್ತದೆ?’ ಎಂಬುದು. ನನ್ನ ಅಭಿಪ್ರಾಯದಲ್ಲಿ ಕೇಳಬೇಕಾದುದು ‘ಎಲ್ಲಿ ನಿಲ್ಲುತ್ತದೆ?’ ಎಂಬುದನ್ನು. ಕಾರಣವನ್ನು ಸ್ವಲ್ಪ ವಿವರಿಸಬೇಕಾಗಿದೆ. ಎಫ್.ಎಂ. ಪದ್ಧತಿಯಲ್ಲಿ ಒಂದೇ ಕಂಪನಸಂಖ್ಯೆಯ ಮೇಲೆ ಎರಡು ಅಲೆಗಳು ಬಂದರೆ ಗ್ರಾಹಕಯಂತ್ರವು ಅವೆರಡನ್ನೂ ಬೆರೆಸಿ ಕೇಳಿಸುವುದಿಲ್ಲ. ಪ್ರಬಲವಾದುದನ್ನು ಹಿಡಿದು ದುರ್ಬಲವಾದುದನ್ನು ಅಡಗಿಸಿಬಿಡುತ್ತದೆ. ವಿಜಯಪುರದ ನಿಲಯದಿಂದ ಬಸವನ ಬಾಗೇವಾಡಿ ಸುಮಾರು 40 ಕಿಲೋಮೀಟರು, ಮುದ್ದೇಬಿಹಾಳ ಸುಮಾರು 80 ಕಿಲೋಮೀಟರು. ಇಷ್ಟು ದೂರಕ್ಕೆ ಅಲೆಯು ಕ್ಷೀಣಿಸಿಯೇ ಬರುತ್ತದೆ. ಅಂಥಲ್ಲಿ ಒಂದು ಮನೆಯ ಪ್ರಬಲ ಪ್ರೇಷಕವು ಆ ಕಂಪನಸಂಖ್ಯೆಗೆ ತಾಗಿದರೆ ಓಣಿಯ ರೇಡಿಯೋಗಳಲ್ಲೆಲ್ಲ ಆಕಾಶವಾಣಿಯು ಮೂಕವಾಗುವುದು. ನದಿಗೆ ನೆರೆ ಬಂದ ವಾರ್ತೆಯನ್ನೋ ಪೇಟೆಯ ಧಾರಣೆಯನ್ನೋ ಕಾದು ಕುಳಿತ ನೆರೆಯವನಿಗೆ ಇದರ ಕಾರಣವೂ ತಿಳಿಯದು.

ಬ್ರಿಟನ್ನಿನಲ್ಲಿ 2006ರ ಡಿಸೆಂಬರಿನಿಂದ ಪರವಾನಿಗೆಯಿಲ್ಲದೆ ಬಳಸಬಹುದಾದ ಇಂಥ ಯಂತ್ರಗಳಿಗೆ ಗೊತ್ತುಪಡಿಸಿದ ಮಿತಿಯು 50 ನ್ಯಾನೋವ್ಯಾಟು. ಗೋಪಾಲಸ್ವಾಮಿಯವರ 30 ವ್ಯಾಟು ಇದರ 60 ಕೋಟಿ ಪಟ್ಟು! ಕೆಲವು ಮೀಟರು ಅಂತರಕ್ಕೆ ಅಷ್ಟೇ ಸಾಕು. ನಮ್ಮ ಕಡೆಯ ಕಲ್ಲುಗೋಡೆಯ ಮಾಳಿಗೆಮನೆಗಳಲ್ಲಿ ಅಲೆಯು ಇನ್ನೂ ಕುಗ್ಗುತ್ತದೆಂಬುದು ನಿಜ. ಆದರೆ ಅದಕ್ಕೆ ಪರಿಹಾರ ಯಂತ್ರವನ್ನು ಬಾಗಿಲಿನ ನೇರಕ್ಕಿಡುವುದೇ ಹೊರತು ವ್ಯಾಟುಗಳನ್ನು ಹೆಚ್ಚಿಸುವುದಲ್ಲ. ಏಳು ವ್ಯಾಟು, ಹದಿನೈದು ವ್ಯಾಟು ಎಂದು ಜಾಹೀರಾತು ಮಾಡಿ, ಮಾಳಿಗೆಯ ಮೇಲೆ ನಿಲ್ಲಿಸುವ ಕಂಬಿಯೊಡನೆ ಮಾರುವ ಯಂತ್ರಗಳು ಮನೆಬಳಕೆಯವಲ್ಲ. 2006ರ ಸಮುದಾಯ ಬಾನುಲಿಯ ನೀತಿಯು ಸಂಸ್ಥೆಗಳಿಗೆ 100 ವ್ಯಾಟುಗಳವರೆಗೆ ಅವಕಾಶ ಕೊಟ್ಟಿತಾದರೂ ವ್ಯಕ್ತಿಗಳನ್ನು ಹೊರಗೇ ಇಟ್ಟಿತು. ಕೊಳ್ಳುವ ಮುನ್ನ ಪರವಾನಿಗೆಯ ನಿಯಮವನ್ನು ನೋಡಿಕೊಳ್ಳುವುದು ಅವಶ್ಯ.

ಎರಡನೆಯದಾಗಿ ಸ್ಥಿರತೆ. ಸುರುಳಿಯನ್ನು ತಿರುಚಿ ಹೊಂದಿಸುವ ಅಗ್ಗದ ಪ್ರೇಷಕಗಳು ಬಿಸಿಲಿಗೆ ತಮ್ಮ ಸ್ಥಾನವನ್ನು ಬಿಟ್ಟು ಸರಿಯುತ್ತವೆ. 40 ಅಂಶಗಳನ್ನು ಮೀರುವ ನಮ್ಮ ಬೇಸಗೆಯಲ್ಲಿ ಕೇಳಬೇಕೇ! ಸ್ಫಟಿಕದ ಆಧಾರದಿಂದ ಕಂಪನಸಂಖ್ಯೆಯನ್ನು ಕಟ್ಟಿಹಾಕಿ ಅಂಕೆಗಳಲ್ಲಿ ತೋರಿಸುವ ಯಂತ್ರವನ್ನೇ ಆರಿಸಬೇಕು. 87.5ರಿಂದ 108 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಹಗಲೂ ರಾತ್ರಿಯೂ ಬರಿದಾಗಿರುವ ಸ್ಥಾನವನ್ನು ಹುಡುಕಿ, ಮೇಲಂಚನ್ನು ಬಿಡುವುದು ಲೇಸು. 108ರಾಚೆಗೆ ವಿಮಾನಗಳ ಮಾರ್ಗದರ್ಶನಕ್ಕೆ ಮೀಸಲಾದ ಪಟ್ಟಿಯಿದೆ.

ಧ್ವನಿಯ ಗುಣದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಪ್ರೇಷಕವು ತಾರಕಸ್ವರಗಳನ್ನು ಬೇಕೆಂದೇ ಎತ್ತಿ ಕಳಿಸುತ್ತದೆ, ಗ್ರಾಹಕವು ಅಷ್ಟೇ ಇಳಿಸುತ್ತದೆ. ಯುರೋಪಿನಲ್ಲಿ ಇದರ ಅಳತೆ 50 ಮೈಕ್ರೋಸೆಕೆಂಡು, ಅಮೆರಿಕದಲ್ಲಿ 75. ಅಮೆರಿಕದ ಅಳತೆಯ ಪ್ರೇಷಕವನ್ನು 50ರ ಗ್ರಾಹಕಕ್ಕೆ ಜೊತೆಗೂಡಿಸಿದರೆ ಹಾಡು ಕೀರಲಾಗುತ್ತದೆ; ಆದ್ದರಿಂದ ಎರಡನ್ನೂ ಬದಲಿಸಬಲ್ಲ ಯಂತ್ರವು ಮೇಲು. ಸ್ಟೀರಿಯೋ ಪ್ರಸಾರಕ್ಕೆ ಹೆಚ್ಚು ಪ್ರಬಲವಾದ ಅಲೆ ಬೇಕಾಗುವುದರಿಂದ ಮಾತು ಮತ್ತು ಒಂಟಿದನಿಯ ಹಾಡಿಗೆ ಮೋನೋ ಸಾಕು. ಗುಂಯ್‌ಗುಟ್ಟುವ ಸದ್ದಿಗೆ ಬಹುಮಟ್ಟಿಗೆ ಕಾರಣ ಅಗ್ಗದ ಚಾರ್ಜರು. ಬ್ಯಾಟರಿಯಿಂದ ನಡೆಸಿ ನೋಡಿದರೆ ತಿಳಿಯುತ್ತದೆ.

ಅಲೆಯೇ ಬೇಕೆಂಬ ಹಟವೂ ಬೇಕಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯವರು, ಸಮುದಾಯಕ್ಕೆ ಪರವಾನಿಗೆ ದೊರೆಯದಿದ್ದ 2003ರ ಸುಮಾರಿಗೆ, ಕೇಬಲ್ ತಂತಿಯ ಮೂಲಕವೇ ಊರಿಗೆ ತಮ್ಮ ಕಾರ್ಯಕ್ರಮಗಳನ್ನು ಮುಟ್ಟಿಸಿದರು. ಕೇಳುವ ಕೋಣೆಯೊಂದೇ ಆಗಿದ್ದು ರೇಡಿಯೋಕ್ಕೆ ಹೊರಗಿನ ಧ್ವನಿಯನ್ನು ಸೇರಿಸುವ ತೂತು ಇದ್ದರೆ, ಎರಡು ಮೊಳ ತಂತಿಯನ್ನು ಕೊಂಡು ತರುವುದೇ ಸಾಕು.