ಗಾಳಿಮಾತೂ ಗಟ್ಟಿಮಾತೂ

2020ನೆಯ ಇಸವಿ ಮೇ ತಿಂಗಳ 20ನೆಯ ತಾರೀಖು, ಬುಧವಾರ. ಮಧ್ಯಾಹ್ನ ಒಂದೂಕಾಲು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಸರ್ಜಾಪುರ, ಎಲೆಕ್ಟ್ರಾನಿಕ್ ಸಿಟಿ ಮೊದಲಾದ ಕಡೆಗಳಲ್ಲಿ ಭಾರಿ ಸದ್ದೊಂದು ಕೇಳಿಬಂದಿತು. ಕಿಟಕಿಗಳು ಅದುರಿದವು. ಕೊರೋನಾ ನಿರ್ಬಂಧದ ಕಾಲವಾದುದರಿಂದ ಬಹುಮಂದಿ ಮನೆಯಲ್ಲಿಯೇ ಇದ್ದರು. ವಿಶಾಖಪಟ್ಟಣದ ಕಾರ್ಖಾನೆಯೊಂದರಿಂದ ವಿಷಾನಿಲ ಸೋರಿ ಜನರು ಮಡಿದು ಇನ್ನೂ ಎರಡು ವಾರ ತುಂಬಿರಲಿಲ್ಲ. ಇದು ಭೂಕಂಪವೋ, ಸ್ಫೋಟವೋ ಎಂಬ ದಿಗಿಲು ಮನೆಯಿಂದ ಮನೆಗೆ ಹಬ್ಬಿತು.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ತನ್ನ ಯಂತ್ರಗಳಲ್ಲಿ ಭೂಕಂಪದ ಗುರುತು ಮೂಡಿಲ್ಲವೆಂದು ಸಾರಿತು. ಆದರೆ ಸದ್ದು ಯಾತರದೆಂಬುದು ತಿಳಿದದ್ದು ಸಂಜೆಗೆ, ರಕ್ಷಣಾ ಇಲಾಖೆಯ ಸಾರ್ವಜನಿಕ ಸಂಪರ್ಕಾಧಿಕಾರಿಗಳ ಹೇಳಿಕೆಯಿಂದ. ವಾಯುಸೇನೆಯ ವಿಮಾನವೊಂದು ಪರೀಕ್ಷಾರ್ಥವಾಗಿ ಶಬ್ದವನ್ನು ಮೀರಿದ ವೇಗದಲ್ಲಿ ಹಾರಿ, 36,000ದಿಂದ 40,000 ಅಡಿಗಳ ಎತ್ತರದಲ್ಲಿ ವೇಗವನ್ನು ತಗ್ಗಿಸುವಾಗ ಆ ಸದ್ದು ಹುಟ್ಟಿರಬಹುದು. ವಿಮಾನವು 65ರಿಂದ 80 ಕಿಲೋಮೀಟರು ದೂರದಲ್ಲಿದ್ದರೂ ಅದು ಕೇಳಿಸುವುದುಂಟು ಎಂದು ಅದರಲ್ಲಿ ವಿವರಿಸಿತ್ತು. ಇಷ್ಟು ಮಾತಿಗಾಗಿ ಜನರು ಹಲವು ಗಂಟೆ ಕಾಯಬೇಕಾಯಿತು.

ಹೀಗೆ ಕಾಯುವ ಗಳಿಗೆಗಳಲ್ಲಿ ಜನರ ಮನಸ್ಸಿನಲ್ಲಿ ನಡೆಯುವುದೇನೆಂಬುದನ್ನು ವಿದ್ವಾಂಸರು ಬಹುಕಾಲದಿಂದ ಶೋಧಿಸುತ್ತ ಬಂದಿದ್ದಾರೆ. ಆ ಶೋಧನೆಯ ಮೊದಲ ಹೆಜ್ಜೆಗಳಲ್ಲೊಂದು ನಮ್ಮ ದೇಶದಲ್ಲಿಯೇ ನಡೆಯಿತು. 1934ರ ಜನವರಿ 15ರಂದು ಬಿಹಾರದಲ್ಲಿ ಘೋರವಾದ ಭೂಕಂಪವಾಯಿತಷ್ಟೆ. ಆಗ ಹುಟ್ಟಿದ ವದಂತಿಗಳನ್ನು ಜಮುನಾ ಪ್ರಸಾದರೆಂಬ ಮನಶ್ಶಾಸ್ತ್ರಜ್ಞರು ಪರಿಶೀಲಿಸಿ 1935ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ನೆಲದ ನಡುಕ ತಟ್ಟಿಯೂ ಹಾನಿಗೀಡಾಗದ ಊರುಗಳಲ್ಲಿ, ಇದಕ್ಕಿಂತ ದೊಡ್ಡ ಕೇಡು ಮುಂದೆ ಕಾದಿದೆಯೆಂಬ ಮಾತು ಹರಡಿತ್ತು. ಮೊದಲೇ ಹೆದರಿದವರು ಮತ್ತಷ್ಟು ಹೆದರಿಸುವ ಮಾತನ್ನೇಕೆ ನಂಬಬೇಕು? ಅಮೆರಿಕದ ಲಿಯೋನ್ ಫೆಸ್ಟಿಂಗರ್ 1957ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸಿದ್ಧಾಂತಕ್ಕೆ ಈ ಪ್ರಶ್ನೆಯೇ ಪ್ರೇರಣೆಯಾಯಿತು. ಭಯವು ಮೊದಲು ಬರುತ್ತದೆ. ಅದಕ್ಕೆ ತಕ್ಕ ಕಾರಣವನ್ನು ಮನಸ್ಸು ಆಮೇಲೆ ಕಟ್ಟಿಕೊಳ್ಳುತ್ತದೆ ಎಂಬುದು ಅವರು ಕಂಡ ಉತ್ತರ. ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ ಎಂಬವರು 1947ರಲ್ಲಿ ಇನ್ನೊಂದು ಸೂತ್ರವನ್ನು ಹೇಳಿದರು: ವಿಷಯವು ಎಷ್ಟು ಮುಖ್ಯವೋ, ಅದರ ತಿಳಿವಳಿಕೆ ಎಷ್ಟು ಮಸುಕೋ, ವದಂತಿಯೂ ಅಷ್ಟು ಬಲಿಯುತ್ತದೆ. ಪ್ರಾಣಾಪಾಯದ ವಿಷಯ ಮುಖ್ಯವಾಗದೆ ಇರಲಾರದು. ಮಸುಕನ್ನು ಕಳೆಯುವುದು ಮಾತ್ರ ಬಲ್ಲವರ ಕೈಯಲ್ಲಿದೆ.

ಆ ಕೆಲಸ ತಡವಾದರೆ ತೆರಬೇಕಾದ ಬೆಲೆಯನ್ನು ಬೆಂಗಳೂರು 2012ರ ಆಗಸ್ಟ್ ತಿಂಗಳಲ್ಲಿ ಕಂಡಿತು. ಅಸ್ಸಾಮಿನ ಗಲಭೆಗಳ ಬೆನ್ನಿಗೆ, ಈಶಾನ್ಯ ರಾಜ್ಯಗಳವರ ಮೇಲೆ ಇಲ್ಲಿಯೂ ಹಲ್ಲೆಯಾಗುವುದೆಂಬ ಗಾಳಿಮಾತು ಮೊಬೈಲ್ ಸಂದೇಶಗಳ ಮೂಲಕ ಹಬ್ಬಿತು. ಕಾವಲು ಕೆಲಸದವರು, ಹೋಟೆಲು ಅಂಗಡಿಗಳಲ್ಲಿ ದುಡಿಯುವವರು, ವಿದ್ಯಾರ್ಥಿಗಳು, ಹೀಗೆ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿಕೊಂಡು ರೈಲು ನಿಲ್ದಾಣಕ್ಕೆ ಧಾವಿಸಿದರು. ಮಂತ್ರಿಗಳೂ ಪೋಲೀಸ್ ಅಧಿಕಾರಿಗಳೂ ಅಭಯವಿತ್ತರು. ಗುವಾಹಟಿಗೆ ವಿಶೇಷ ರೈಲುಗಳೂ ಹೊರಟವು. ರೈಲು ಬಿಟ್ಟದ್ದು ಉಪಕಾರವೇ ಸರಿ; ಆದರೆ ಹೆದರಿದವನ ಕಣ್ಣಿಗೆ ಅದೂ ಒಂದು ಸಾಕ್ಷಿಯಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಆಗಸ್ಟ್ 17ರಂದು ಕೇಂದ್ರ ಸರ್ಕಾರವು, ಒಬ್ಬರು ಏಕಕಾಲಕ್ಕೆ ಐವರಿಗಿಂತ ಹೆಚ್ಚು ಮಂದಿಗೆ ಸಂದೇಶ ಕಳುಹಿಸಕೂಡದೆಂದು 15 ದಿನಗಳ ಮಟ್ಟಿಗೆ ನಿರ್ಬಂಧ ಹಾಕಿತು. ಸುಳ್ಳಿನ ಬಾಯಿ ಕಟ್ಟುವುದರಿಂದ ಅದರ ಓಟ ತಗ್ಗೀತು, ನಂಬಿಕೆ ಹುಟ್ಟದು.

ಹಾಗಾದರೆ ನಂಬತಕ್ಕ ಮಾತು ಹೇಗಿರಬೇಕು? ಮಿಲೆಟಿ ಮತ್ತು ಸೊರೆನ್‌ಸೆನ್ ಎಂಬ ಅಮೆರಿಕದ ವಿದ್ವಾಂಸರು 1990ರಲ್ಲಿ ಇಂತಹ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಪರೀಕ್ಷಿಸಿದರು. ಅಪಾಯ ಯಾವುದು, ಎಲ್ಲಿ, ಯಾವಾಗ, ಮಾಡತಕ್ಕದ್ದೇನು, ಹೇಳುವವರಾರು ಎಂಬ ಐದು ವಿಷಯಗಳು ಎಚ್ಚರಿಕೆಯ ಮಾತಿನಲ್ಲಿ ಸ್ಪಷ್ಟವಾಗಿರಬೇಕು. ಎಲ್ಲ ಬಾಯಿಗಳಿಂದಲೂ ಒಂದೇ ಮಾತು ಬರಬೇಕು. ಎಚ್ಚರಿಕೆಯನ್ನು ಕೇಳಿದ ಜನರು ಒಡನೆಯೇ ಓಡುವುದಿಲ್ಲ. ನೆರೆಯವರನ್ನು ವಿಚಾರಿಸಿ ಖಚಿತಪಡಿಸಿಕೊಳ್ಳುತ್ತಾರೆ ಎಂಬುದನ್ನೂ ಅವರು ತೋರಿಸಿದರು. ಕಾರಣವಿನ್ನೂ ತಿಳಿಯದಿದ್ದಾಗ “ಶೋಧಿಸುತ್ತಿದ್ದೇವೆ, ಇಷ್ಟು ಗಂಟೆಗೆ ಮತ್ತೆ ತಿಳಿಸುವೆವು” ಎಂದರೂ ಅದು ಗಟ್ಟಿಮಾತೇ ಎಂದು ನಾವು ಭಾವಿಸುತ್ತೇವೆ.

ಇನ್ನು ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಆಸುಪಾಸಿನಲ್ಲಿ ವಾಸಿಸುವವರಿಗೆ ಈ ಮಾತು ಆಪತ್ತಿಗೆ ಮೊದಲೇ ಸಿಗಬೇಕು. 1984ರ ಭೋಪಾಲದ ದುರಂತದ ತರುವಾಯ 1987ರಲ್ಲಿ ಕಾರ್ಖಾನೆಗಳ ಕಾಯಿದೆಯನ್ನು ತಿದ್ದಿ, ಅಪಾಯಕರ ಕೆಲಸ ನಡೆಸುವ ಕಾರ್ಖಾನೆಯವರು ಅಪಾಯವನ್ನೂ ಅದನ್ನು ತಪ್ಪಿಸುವ ಕ್ರಮವನ್ನೂ ಕೆಲಸಗಾರರಿಗೆ ಮಾತ್ರವಲ್ಲದೆ ನೆರೆಹೊರೆಯ ಜನರಿಗೂ ತಿಳಿಸತಕ್ಕದ್ದೆಂದು ವಿಧಿಸಲಾಯಿತು. ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬ ವಿವೇಕವೇ ಇದು.

ಗೃಹಸ್ಥರ ಪಾಲಿಗೂ ಕರ್ತವ್ಯವುಂಟು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬುದು ಹಿರಿಯರ ಗಾದೆ. ಮೊಬೈಲಿಗೆ ಬಂದ ಮಾತನ್ನು ಹೇಳಿದವರಾರು, ಅದು ಎಂದಿನದು, ಎಲ್ಲಿಯದು ಎಂಬುದು ತಿಳಿಯದಿದ್ದರೆ ಅದು ನಮ್ಮಲ್ಲಿಯೇ ನಿಲ್ಲಲಿ. ಇಷ್ಟರಿಂದಲೇ ಕರ್ತವ್ಯ ತೀರದು. ಬೀದಿಯ ಕಾವಲುಗಾರನೂ ಮನೆಗೆಲಸಕ್ಕೆ ಬರುವಾಕೆಯೂ ದಿಗಿಲುಗೊಂಡಾಗ ವಿಚಾರಿಸುವುದು ಹತ್ತಿರದವರನ್ನೇ. ಅವರ ಹೆಸರು, ಊರು, ಕಷ್ಟಸುಖಗಳನ್ನು ಮೊದಲೇ ಅರಿತವರು “ನಾವಿದ್ದೇವೆ, ಹೋಗಬೇಡಿ” ಎಂದರೆ ಆ ಮಾತಿಗೆ ಬೆಲೆ ಬರುತ್ತದೆ. ಒಂದು ದಿನವೂ ಮಾತನಾಡಿಸದವರು ರೈಲು ಹೊರಡುವ ಹೊತ್ತಿಗೆ ಬಂದು ಹೇಳಿದರೆ ಯಾರು ತಾನೆ ನಂಬಿಯಾರು?